ನಡೆದಾಡುವ ಗೆರೆ: ಫುಟ್‌ಬಾಲಿನ ಆಫ್‌ಸೈಡ್ ನಿಯಮ



ಇಂದಿನ ವಿಷಯಕ್ಕೆ ಬರುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಬೇಕು. ಅದು 1994ನೆಯ ಇಸವಿ. ನಮ್ಮ ಮನೆ ಕಲಬುರಗಿಯ, ಅಂದರೆ ಆಗಿನ ಗುಲ್ಬರ್ಗದ, ಜಗತ್ ಬಡಾವಣೆಯಲ್ಲಿತ್ತು. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಆ ವರ್ಷ ಅಮೆರಿಕದಲ್ಲಿ ವಿಶ್ವಕಪ್ ನಡೆದಿತ್ತು. ಟಿ.ವಿ. ಇದ್ದ ಮನೆಗಳಲ್ಲಿ ಓಣಿಯ ಹುಡುಗರೆಲ್ಲ ನಿದ್ದೆಗೆಟ್ಟು ಪಂದ್ಯ ನೋಡಿದ್ದೆವು. ಕ್ರಿಕೆಟ್ ಬ್ಯಾಟುಗಳೆಲ್ಲ ಮೂಲೆ ಸೇರಿ, ಎರಡು ಇಟ್ಟಿಗೆ ಇಟ್ಟಲ್ಲೆಲ್ಲ ಗೋಲು ಎದ್ದು ನಿಲ್ಲುತ್ತಿದ್ದ ಕಾಲ.

ಆಗ ನಮ್ಮ ಶಾಲೆಯ ತಂಡಕ್ಕೂ ಕಮಲಾಪುರದಿಂದ ಬಂದ ಹುಡುಗರ ತಂಡಕ್ಕೂ ಒಂದು ಪಂದ್ಯ ಏರ್ಪಾಟಾಯಿತು. ನನ್ನ ಕಾಲು ಉಳುಕಿತ್ತು. ಆಡಲು ಬಾರದವನೆಂದು ನನ್ನ ಕೈಗೆ ಒಂದು ಕೋಲು, ಕೋಲಿಗೆ ಕಟ್ಟಿದ ಕರವಸ್ತ್ರ ಕೊಟ್ಟು ಲೈನ್ಸ್‌ಮನ್ ಎಂದು ನಿಲ್ಲಿಸಿದರು. ಕಮಲಾಪುರದವರು ಬೆಳಗಿನ ಬಸ್ಸಿಗೆ ಬಂದಿದ್ದರು. ತಮ್ಮೂರಿನ ಹೆಸರಾಂತ ಕೆಂಪು ಬಾಳೆಹಣ್ಣನ್ನು ಒಂದು ಚೀಲದ ತುಂಬ ತಂದು, ವಿರಾಮದಲ್ಲಿ ನಮಗೂ ಕೊಟ್ಟಿದ್ದರು. ಪಂದ್ಯ ಮುಗಿಯಲು ನಾಲ್ಕೈದು ನಿಮಿಷವಿದ್ದಾಗಲೂ ಎರಡೂ ಕಡೆ ಗೋಲಿಲ್ಲ. ಆಗ ಅವರ ಒಬ್ಬ ಹುಡುಗ, ನಾನು ನಿಂತ ಬದಿಯಲ್ಲೇ, ಗೆರೆಗುಂಟ ಓಡಿದ. ಹಿಂದಿನಿಂದ ಚೆಂಡು ಬಂತು. ಅವನು ಅದನ್ನು ಗೋಲಿಗೆ ಹೊಡೆದ. ನಾನು ಕೋಲು ಎತ್ತಿದ್ದೆ. ಆಫ್‌ಸೈಡ್! ಗೋಲು ರದ್ದಾಯಿತು. ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ನಮ್ಮ ಶಾಲೆ ಗೆದ್ದಿತು.

ಆ ಹುಡುಗ ಜಗಳ ಮಾಡಲಿಲ್ಲ. ಬಸ್ಸಿಗೆ ಹೋಗುವ ಮುಂಚೆ ನನ್ನ ಹತ್ತಿರ ಬಂದು, "ನಾ ಹಿಂದs ಇದ್ದೆ ನೋಡಪ್ಪ" ಎಂದಷ್ಟೇ ಹೇಳಿ ಹೋದ. ನಾನು ಬೇಕೆಂದು ಕೋಲು ಎತ್ತಿರಲಿಲ್ಲ. ನನ್ನ ಕಣ್ಣಿಗೆ ಅವನು ಮುಂದೆಯೇ ಇದ್ದ, ಇದನ್ನು ಆಣೆ ಮಾಡಿ ಹೇಳುತ್ತಿದ್ದೆ. ಆದರೆ ಅವನು ಹೇಳಿದ್ದೇ ನಿಜವಿರಬೇಕು ಎಂಬುದು ನನಗೆ ತಿಳಿದದ್ದು ಬಿ.ಎಸ್ಸಿ. ಓದುವಾಗ, ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ. ಆ ಮಾತಿಗೆ ಆಮೇಲೆ ಬರೋಣ. ಮೊದಲು ನಿಯಮವನ್ನು ಸರಿಯಾಗಿ ತಿಳಿಯೋಣ. ಯಾಕೆಂದರೆ ಆ ದಿನ ಕೋಲು ಹಿಡಿದಿದ್ದ ನನಗೆ ನಿಯಮವೂ ಪೂರ್ತಿ ಗೊತ್ತಿರಲಿಲ್ಲ.

ನಿಮಗೆಲ್ಲ ಕಬಡ್ಡಿ ಗೊತ್ತು. ಕಬಡ್ಡಿಯ ಗೆರೆಗಳನ್ನು ಸುಣ್ಣದಲ್ಲಿ ಎಳೆದಿರುತ್ತಾರೆ. ಆಟಗಾರರು ಓಡಾಡುತ್ತಾರೆ, ಗೆರೆ ಇದ್ದಲ್ಲೇ ಇರುತ್ತದೆ. ಆಫ್‌ಸೈಡಿನ ಗೆರೆ ಹಾಗಲ್ಲ. ಅದನ್ನು ಯಾರೂ ಎಳೆದಿಲ್ಲ. ಎದುರು ತಂಡದ ಒಬ್ಬ ಆಟಗಾರ ಅದನ್ನು ತನ್ನ ಮೈಮೇಲೆ ಹೊತ್ತುಕೊಂಡು ತಿರುಗುತ್ತಾನೆ. ಅವನು ಮುಂದೆ ಬಂದರೆ ಗೆರೆಯೂ ಮುಂದೆ ಬರುತ್ತದೆ, ಅವನು ಹಿಂದೆ ಸರಿದರೆ ಗೆರೆಯೂ ಹಿಂದೆ. ಯಾರು ಆ ಆಟಗಾರ? ತನ್ನ ಗೋಲುಗೆರೆಯಿಂದ ಎಣಿಸಿದರೆ ಎರಡನೆಯವನು. ಸಾಮಾನ್ಯವಾಗಿ ಗೋಲ್‌ಕೀಪರ್ ಮೊದಲನೆಯವನಾಗಿರುತ್ತಾನೆ, ಆದ್ದರಿಂದ ಉಳಿದ ಹತ್ತು ಜನರಲ್ಲಿ ಎಲ್ಲರಿಗಿಂತ ಹಿಂದಿರುವವನೇ ಎರಡನೆಯವನು. ಇದರಿಂದಲೇ ಅನೇಕರು "ಕೊನೆಯ ರಕ್ಷಕ" ಎಂದು ಹೇಳಿ ಮುಗಿಸಿಬಿಡುತ್ತಾರೆ. ಅದು ಸರಿಯಲ್ಲ. ನಿಯಮದಲ್ಲಿ ಗೋಲ್‌ಕೀಪರನ ಹೆಸರಿಲ್ಲ. ಕೊನೆಯಿಂದ ಎರಡನೆಯ ಎದುರಾಳಿ ಎಂದಷ್ಟೇ ಇದೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ 2022ರ ನವೆಂಬರ್ 20ರಂದು ನಡೆದ ಕತಾರ್ ವಿಶ್ವಕಪ್ಪಿನ ಮೊದಲ ಪಂದ್ಯವೇ ಸಾಕ್ಷಿ. ಆಟ ಶುರುವಾಗಿ ಮೂರನೆಯ ನಿಮಿಷಕ್ಕೆ ಈಕ್ವೆಡಾರಿನ ಎನ್ನರ್ ವೆಲೆನ್ಸಿಯಾ ತಲೆಯಿಂದ ಹೊಡೆದು ಗೋಲು ಮಾಡಿದ. ಆದರೆ ಅದು ರದ್ದಾಯಿತು. ಲಕ್ಷಾಂತರ ಜನ ಕೋಪಗೊಂಡರು, ಯಾಕೆಂದರೆ ಗೋಲಿನ ಹತ್ತಿರ ಕತಾರಿನ ಒಬ್ಬ ರಕ್ಷಕ ಸ್ಪಷ್ಟವಾಗಿ ಕಾಣುತ್ತಿದ್ದ. ನಡೆದದ್ದು ಇಷ್ಟು. ಅವರ ಗೋಲ್‌ಕೀಪರ್ ಚೆಂಡಿಗಾಗಿ ಗೋಲು ಬಿಟ್ಟು ಮುಂದೆ ಬಂದುಬಿಟ್ಟಿದ್ದ. ಹಾಗಾಗಿ ಹಿಂದೆ ಉಳಿದಿದ್ದ ಆ ರಕ್ಷಕನೇ ಕೊನೆಯವನಾದ. ಎರಡನೆಯವನು ಅವನಿಗಿಂತ ಮುಂದಿದ್ದ, ಗೆರೆಯೂ ಅಲ್ಲಿಯೇ ಇತ್ತು. ಆ ಗೆರೆಯನ್ನು ಈಕ್ವೆಡಾರಿನ ಇನ್ನೊಬ್ಬ ಆಟಗಾರನ ಪಾದ ದಾಟಿತ್ತು.

ಈಗ ನಿಯಮವನ್ನು ಒಟ್ಟಾಗಿ ಹೇಳುತ್ತೇನೆ. ಎದುರಾಳಿಯ ಅರ್ಧ ಮೈದಾನದಲ್ಲಿದ್ದು, ಚೆಂಡಿಗಿಂತಲೂ ಮುಂದೆ, ಕೊನೆಯಿಂದ ಎರಡನೆಯ ಎದುರಾಳಿಗಿಂತಲೂ ಮುಂದೆ, ಅಂದರೆ ಅವರ ಗೋಲುಗೆರೆಗೆ ಹತ್ತಿರ, ಇರುವ ಆಟಗಾರ ಆಫ್‌ಸೈಡ್ ಸ್ಥಾನದಲ್ಲಿದ್ದಾನೆ. ತಲೆ, ಮುಂಡ, ಕಾಲು ಇವುಗಳಲ್ಲಿ ಯಾವ ಭಾಗ ಮುಂದಿದ್ದರೂ ಲೆಕ್ಕಕ್ಕೆ ಬರುತ್ತದೆ. ಕೈ ಮತ್ತು ತೋಳು ಬರುವುದಿಲ್ಲ, ಯಾಕೆಂದರೆ ಅವುಗಳಿಂದ ಗೋಲು ಹೊಡೆಯುವಂತಿಲ್ಲ. ಸರಿಸಮನಾಗಿದ್ದರೆ? ಆಫ್‌ಸೈಡ್ ಅಲ್ಲ. ಇದು 1990ರಲ್ಲಿ ಬಂದ ಬದಲಾವಣೆ. ಅದಕ್ಕೂ ಮೊದಲು ಸರಿಸಮನಾಗಿ ನಿಂತವನೂ ಸಿಕ್ಕಿಬೀಳುತ್ತಿದ್ದ.

"ಆಫ್‌ಸೈಡ್ ಸ್ಥಾನ" ಎಂದು ನಾನು ಬೇಕೆಂದೇ ಒತ್ತಿ ಹೇಳಿದೆ. ಅಲ್ಲಿ ನಿಲ್ಲುವುದು ತಪ್ಪಲ್ಲ. ಇಡೀ ಪಂದ್ಯ ಅಲ್ಲಿಯೇ ನಿಂತು ಕಡಲೆಕಾಯಿ ತಿಂದರೂ ರೆಫ್ರಿ ಸೀಟಿ ಊದುವಂತಿಲ್ಲ. ಅಲ್ಲಿದ್ದುಕೊಂಡು ಆಟದಲ್ಲಿ ಕೈ ಹಾಕಿದರೆ, ಅಲ್ಲ, ಕಾಲು ಹಾಕಿದರೆ ಮಾತ್ರ ಅಪರಾಧ. ತನ್ನ ಜೊತೆಗಾರ ಒದ್ದ ಚೆಂಡನ್ನು ತಾನೇ ಮುಟ್ಟುವುದು, ಗೋಲ್‌ಕೀಪರನ ನೋಟಕ್ಕೆ ಅಡ್ಡ ನಿಲ್ಲುವುದು, ಚೆಂಡಿಗಾಗಿ ಎದುರಾಳಿಯ ಮೇಲೆ ಮುಗಿಬೀಳುವುದು, ಗೋಲಿನ ಕಂಬಕ್ಕೆ ಬಡಿದೋ ಕೀಪರ್ ತಡೆದೋ ಹಿಂತಿರುಗಿ ಬಂದ ಚೆಂಡನ್ನು ಆ ಸ್ಥಾನದ ಲಾಭ ಪಡೆದು ಹೊಡೆಯುವುದು, ಇವೆಲ್ಲ ಅದರಲ್ಲಿ ಸೇರುತ್ತವೆ. ಶಿಕ್ಷೆಯಾಗಿ ಎದುರು ತಂಡಕ್ಕೆ ಪರೋಕ್ಷ ಫ್ರೀ ಕಿಕ್ ಸಿಗುತ್ತದೆ. ಥ್ರೋ-ಇನ್, ಕಾರ್ನರ್ ಕಿಕ್, ಗೋಲ್ ಕಿಕ್, ಈ ಮೂರರಿಂದ ನೇರವಾಗಿ ಚೆಂಡು ಬಂದರೆ ಆಫ್‌ಸೈಡ್ ಇಲ್ಲವೇ ಇಲ್ಲ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇಡೀ ನಿಯಮದ ತಿರುಳು. ಆಟಗಾರ ಎಲ್ಲಿದ್ದಾನೆ ಎಂದು ನೋಡಬೇಕಾದದ್ದು ಅವನಿಗೆ ಚೆಂಡು ಮುಟ್ಟಿದಾಗ ಅಲ್ಲ. ಜೊತೆಗಾರನ ಕಾಲು ಚೆಂಡನ್ನು ಮುಟ್ಟಿದ ಕ್ಷಣದಲ್ಲಿ. ಚೆಂಡು ಗಾಳಿಯಲ್ಲಿ ಹಾರುತ್ತಿರುವಾಗ ಅವನು ಎಷ್ಟು ಮುಂದೆ ಓಡಿದರೂ ಸರಿಯೇ. ಆದ್ದರಿಂದ ಚೆಂಡು ಸಿಕ್ಕಾಗ ಹತ್ತು ಮೀಟರ್ ಮುಂದಿದ್ದವನು ನಿರ್ದೋಷಿಯಾಗಿರಬಹುದು. ಹಿಂದೆ ಓಡಿಬಂದು ಚೆಂಡು ಪಡೆದವನು ತಪ್ಪಿತಸ್ಥನಾಗಿರಬಹುದು. ಟಿ.ವಿ. ಮುಂದೆ ಕುಳಿತು ನಾವು ಕೂಗಾಡುವುದರಲ್ಲಿ ಬಹುಪಾಲು ಈ ಒಂದು ಮಾತನ್ನು ಮರೆತುದರಿಂದ.

ಒಂದು ವಿಚಿತ್ರ ಪ್ರಸಂಗವನ್ನೂ ಹೇಳಿಬಿಡುತ್ತೇನೆ. 2008ರ ಯೂರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಇಟಲಿಯ ವಿರುದ್ಧ ನೆದರ್ಲೆಂಡ್ಸ್‌ನ ವ್ಯಾನ್ ನಿಸ್ಟೆಲ್‌ರಾಯ್ ಗೋಲು ಹೊಡೆದ. ಅವನ ಮುಂದೆ ಕೀಪರ್ ಬಿಟ್ಟು ಯಾರೂ ಕಾಣಲಿಲ್ಲ. ಆದರೂ ರೆಫ್ರಿ ಗೋಲು ಕೊಟ್ಟರು. ಇಟಲಿಯ ರಕ್ಷಕ ಪನೂಚಿ ಡಿಕ್ಕಿ ಹೊಡೆದುಕೊಂಡು ಗೋಲುಗೆರೆಯಿಂದ ಆಚೆ, ಮೈದಾನದ ಹೊರಗೆ ಬಿದ್ದಿದ್ದ. ಹೊರಗೆ ಬಿದ್ದವನನ್ನು ಗೋಲುಗೆರೆಯ ಮೇಲೆಯೇ ಇದ್ದಾನೆಂದು ಎಣಿಸಬೇಕು. ಇಲ್ಲದಿದ್ದರೆ ರಕ್ಷಕರೆಲ್ಲ ಹೊರಗೆ ಹಾರಿ, ಎದುರಾಳಿಯನ್ನು ಆಫ್‌ಸೈಡಿಗೆ ಕೆಡವುವುದೇ ಒಂದು ವಿದ್ಯೆಯಾಗುತ್ತಿತ್ತು!

ಇಷ್ಟೆಲ್ಲ ತಲೆನೋವಿನ ನಿಯಮ ಬೇಕೇ ಎಂದು ನೀವು ಕೇಳಬಹುದು. ಹಾಕಿಯವರು ಬೇಡವೆಂದರು. 1996ರಲ್ಲಿ ಪ್ರಯೋಗಕ್ಕೆಂದು ಆಫ್‌ಸೈಡ್ ತೆಗೆದರು, 1998ರಲ್ಲಿ ಶಾಶ್ವತವಾಗಿ ಕೈಬಿಟ್ಟರು. ಫುಟ್‌ಬಾಲ್ ಮಾತ್ರ ಬಿಡಲಿಲ್ಲ. ಇಲ್ಲಿ ನಿಯಮವಿಲ್ಲದಿದ್ದರೆ ಒಬ್ಬಿಬ್ಬರು ಎದುರಾಳಿಯ ಗೋಲಿನ ಮುಂದೆ ಠಿಕಾಣಿ ಹೂಡುತ್ತಾರೆ, ಉಳಿದವರು ದೂರದಿಂದ ಚೆಂಡನ್ನು ಅತ್ತ ಒದೆಯುತ್ತಾರೆ, ಮಧ್ಯದ ಆಟವೇ ಸಾಯುತ್ತದೆ ಎಂಬುದು ಅವರ ವಾದ. ನಮ್ಮ ಓಣಿಯ ಇಟ್ಟಿಗೆ ಗೋಲಿನ ಆಟದಲ್ಲಿ ಹಾಗೆಯೇ ಆಗುತ್ತಿತ್ತು, ಆದ್ದರಿಂದ ನಾನು ಈ ವಾದವನ್ನು ಒಪ್ಪುತ್ತೇನೆ.

1863ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಬರೆದ ಮೊದಲ ನಿಯಮಗಳು ಇನ್ನೂ ಕಠಿಣವಾಗಿದ್ದವು. ಚೆಂಡಿಗಿಂತ ಮುಂದೆ ಇರುವುದೇ ತಪ್ಪು, ಇಂದಿಗೂ ರಗ್ಬಿಯಲ್ಲಿ ಇರುವ ಹಾಗೆ. 1866ರಲ್ಲಿ ಮುಂದೆ ಮೂವರು ಎದುರಾಳಿಗಳಿದ್ದರೆ ಸಾಕು ಎಂದಾಯಿತು. ಆಮೇಲೆ ರಕ್ಷಕರು ಒಂದು ಉಪಾಯ ಹೂಡಿದರು. ನ್ಯೂಕ್ಯಾಸಲ್ ತಂಡದ ಬಿಲ್ ಮೆಕ್‌ಕ್ರ್ಯಾಕೆನ್ ಇದರಲ್ಲಿ ಪ್ರವೀಣನೆಂದು ಹೆಸರಾದವನು. ಚೆಂಡು ಬರುವ ಮುನ್ನ ರಕ್ಷಕ ಎರಡು ಹೆಜ್ಜೆ ಮುಂದೆ ಬಂದುಬಿಟ್ಟರೆ ಎದುರಾಳಿ ತಾನಾಗಿಯೇ ಆಫ್‌ಸೈಡಿನಲ್ಲಿ ಬೀಳುತ್ತಾನೆ. ಗೋಲುಗಳೇ ಬತ್ತಿಹೋಗತೊಡಗಿದವು. 1925ರಲ್ಲಿ ಮೂರನ್ನು ಎರಡಕ್ಕೆ ಇಳಿಸಿದರು. ಪರಿಣಾಮ ನೋಡಿ: ಇಂಗ್ಲೆಂಡಿನ ಲೀಗ್‌ನಲ್ಲಿ ಹಿಂದಿನ ವರ್ಷ 4,700 ಗೋಲುಗಳಾಗಿದ್ದವು, ಅಷ್ಟೇ ಪಂದ್ಯಗಳಲ್ಲಿ ಮುಂದಿನ ವರ್ಷ 6,373 ಆದವು. ಒಂದು ಅಂಕಿ ತಿದ್ದಿದ್ದಕ್ಕೆ ಆಟವೇ ಬದಲಾಯಿತು.

ಈಗ ನನ್ನ ಕೋಲಿನ ವಿಷಯ.

ಪ್ರಯೋಗಶಾಲೆಯ ಒಳ್ಳೆಯ ಅಮ್ಮೀಟರುಗಳಲ್ಲಿ ಮುಳ್ಳಿನ ಕೆಳಗೆ ಒಂದು ಕನ್ನಡಿಯ ಪಟ್ಟಿ ಇರುವುದನ್ನು ನಿಮ್ಮಲ್ಲಿ ವಿಜ್ಞಾನ ಓದುವವರು ನೋಡಿರಬಹುದು. ಮುಳ್ಳೂ ಅದರ ಪ್ರತಿಬಿಂಬವೂ ಒಂದಾಗಿ ಕಾಣುವ ಹಾಗೆ ಕಣ್ಣಿಟ್ಟು ಓದಬೇಕು. ಓರೆಯಿಂದ ನೋಡಿದರೆ ಮುಳ್ಳು ಬೇರೆ ಅಂಕಿಯ ಮೇಲಿರುವಂತೆ ಕಾಣುತ್ತದೆ. ಇದೇ ಪ್ಯಾರಲಾಕ್ಸ್, ದೃಷ್ಟಿಪಲ್ಲಟ. ಒಂದು ದಿನ ಹಾಗೆ ಬಗ್ಗಿ ಮುಳ್ಳು ಓದುತ್ತಿದ್ದಾಗ ನನಗೆ ಥಟ್ಟನೆ ಆ ಮೈದಾನ ನೆನಪಾಯಿತು. ಅಂದು ಕಾಲು ಉಳುಕಿದ್ದ ನಾನು ರಕ್ಷಕನ ಸಮಕ್ಕೆ ಓಡಿಹೋಗಲಾರದೆ ಹಿಂದೆ ಉಳಿದಿದ್ದೆ. ಗೆರೆಯನ್ನು ಅದರ ನೇರದಲ್ಲಿ ನಿಂತು ನೋಡಿರಲಿಲ್ಲ, ಓರೆಯಿಂದ ನೋಡಿದ್ದೆ.

ಲೆಕ್ಕ ಹಾಕಿಯೇ ನೋಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ನಾನು ಪಕ್ಕದ ಗೆರೆಯ ಮೇಲೆ, ರಕ್ಷಕನಿಗಿಂತ 5 ಮೀಟರ್ ಹಿಂದೆ, ಅಂದರೆ ಮಧ್ಯಗೆರೆಯ ಕಡೆ, ಇದ್ದೇನೆ. ರಕ್ಷಕ ಪಕ್ಕದ ಗೆರೆಯಿಂದ 20 ಮೀಟರ್ ಒಳಗಿದ್ದಾನೆ. ಓಡುವ ಹುಡುಗ ನನ್ನ ಬದಿಯಲ್ಲಿ, 10 ಮೀಟರ್ ಒಳಗಿದ್ದಾನೆ. ನನ್ನ ಕಣ್ಣಿನಿಂದ ರಕ್ಷಕನವರೆಗೆ ಒಂದು ರೇಖೆ ಎಳೆಯಿರಿ. ಆ ರೇಖೆ ಓರೆಯಾಗಿ ಹೋಗುತ್ತದೆ. ಹುಡುಗ ಇರುವ 10 ಮೀಟರಿನಲ್ಲಿ, ಸಮರೂಪ ತ್ರಿಭುಜಗಳ ಪ್ರಕಾರ, ಅದು ರಕ್ಷಕನಿಗಿಂತ ಎರಡೂವರೆ ಮೀಟರ್ ಹಿಂದೆ ಇರುತ್ತದೆ. ನನ್ನ ಕಣ್ಣಿಗೆ ಅದೇ ಆಫ್‌ಸೈಡ್ ಗೆರೆ. ಹುಡುಗ ರಕ್ಷಕನಿಗಿಂತ ಪೂರ್ತಿ ಎರಡು ಮೀಟರ್ ಹಿಂದಿದ್ದರೂ ಈ ಸುಳ್ಳು ಗೆರೆಗಿಂತ ಅರ್ಧ ಮೀಟರ್ ಮುಂದೆ ಕಾಣುತ್ತಾನೆ! ಆ ದಿನದ ಅಳತೆಗಳು ಇವೇ ಎಂದು ನಾನು ಹೇಳಲಾರೆ. ಆದರೆ ನನ್ನ ಬದಿಯಲ್ಲಿ ಓಡಿದ ಹುಡುಗ, ಹಿಂದೆ ಬಿದ್ದ ನಾನು, ತಪ್ಪು ಯಾವ ದಿಕ್ಕಿನಲ್ಲಿ ಆಗಬೇಕೋ ಆ ದಿಕ್ಕಿನಲ್ಲೇ ಆಗಿತ್ತು.

ನಾನು ಬಿ.ಎಸ್ಸಿ. ಓದುತ್ತಿದ್ದ 2000ನೆಯ ಇಸವಿಯಲ್ಲಿಯೇ ನೆದರ್ಲೆಂಡ್ಸ್‌ನ ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಇದೇ ವಿಷಯ ಬರೆದರು. ಅನುಭವಿ ಸಹಾಯಕ ರೆಫ್ರಿಗಳನ್ನು ಮೈದಾನದಲ್ಲಿ ಪರೀಕ್ಷಿಸಿದಾಗ 200 ತೀರ್ಪುಗಳಲ್ಲಿ 40 ತಪ್ಪಾಗಿದ್ದವು. ಅವರು ಗೆರೆಯ ನೇರದಲ್ಲಿ ನಿಲ್ಲದೆ ತುಸು ಗೋಲಿನ ಕಡೆ ನಿಲ್ಲುತ್ತಿದ್ದರು. ತಪ್ಪುಗಳು ಅಡ್ಡಾದಿಡ್ಡಿಯಾಗಿರಲಿಲ್ಲ, ನೋಟದ ಕೋನ ಹೇಳಿದಂತೆಯೇ ಇದ್ದವು. ಅಂದರೆ ಪಕ್ಷಪಾತವೆಂದು ಜನ ಬೈಯುವ ಎಷ್ಟೋ ತೀರ್ಪುಗಳು ನಿಂತ ಜಾಗದ ದೋಷ. ಇದರ ಜೊತೆಗೆ ಇನ್ನೊಂದು ತೊಡಕಿದೆ. ಒದೆಯುವವನು ಒಂದು ಕಡೆ, ಓಡುವವನು ಇನ್ನೊಂದು ಕಡೆ. ಒದೆತವನ್ನು ಕಂಡ ಮೇಲೆ ನೋಟವನ್ನು ಅತ್ತ ಹೊರಳಿಸಲು ಸುಮಾರು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಸೆಕೆಂಡಿಗೆ 8 ಮೀಟರ್ ಓಡುವವನು ಅಷ್ಟರಲ್ಲಿ ಒಂದೂವರೆ ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತಾನೆ.

ಹಾಗಾದರೆ ಟಿ.ವಿ. ನೋಡಿ ಹೇಳಬಹುದಲ್ಲ ಎನ್ನುತ್ತೀರಿ. ನಾನು ಅದೇ ಕಸುಬಿನವನು, ಆದ್ದರಿಂದ ಕ್ಯಾಮೆರಾದ ಗುಟ್ಟನ್ನು ನಿಮಗೆ ಹೇಳುವ ಹಕ್ಕಿದೆ. ಮಧ್ಯಗೆರೆಯ ಎತ್ತರದಲ್ಲಿ ಕುಳಿತ ಕ್ಯಾಮೆರಾಕ್ಕೂ ನನಗಾದ ದೃಷ್ಟಿಪಲ್ಲಟವೇ ಆಗುತ್ತದೆ. ಪರದೆಯ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದರೆ ಅದು ಮೈದಾನದ ಗೆರೆಯಲ್ಲ. ನಮ್ಮ ದೇಶದ ಹಳೆಯ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ 0.04 ಸೆಕೆಂಡಿನ ಅಂತರ. ಅಷ್ಟರಲ್ಲಿ ಓಡುವವನು 32 ಸೆಂಟಿಮೀಟರ್ ಹೋಗುತ್ತಾನೆ. ರಕ್ಷಕ ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಬರುತ್ತಿದ್ದರೆ ಇಬ್ಬರ ನಡುವಿನ ಅಂತರ 64 ಸೆಂಟಿಮೀಟರಿನಷ್ಟು ಬದಲಾಗುತ್ತದೆ. ಕಾಲು ಚೆಂಡಿಗೆ ತಾಗಿದ ಕ್ಷಣ ಎರಡು ಚಿತ್ರಗಳ ನಡುವೆ ಬಿದ್ದರೆ? ಯಾವ ಚಿತ್ರವನ್ನು ನಿಲ್ಲಿಸಬೇಕು? ಎಡಿಟಿಂಗ್ ಮೇಜಿನ ಮುಂದೆ ಕುಳಿತು ಒಂದು ಚಿತ್ರ ಹಿಂದೆ, ಒಂದು ಚಿತ್ರ ಮುಂದೆ ಮಾಡುತ್ತ, ಒಬ್ಬನೇ ಆಟಗಾರನನ್ನು ತಪ್ಪಿತಸ್ಥನನ್ನಾಗಿಯೂ ನಿರಪರಾಧಿಯನ್ನಾಗಿಯೂ ಮಾಡಿ ನೋಡಿದ್ದೇನೆ.

ಕತಾರಿನಲ್ಲಿ ಈ ಕೊರತೆಯನ್ನು ನೀಗಿಸಲೆಂದು ಪ್ರತಿ ಕ್ರೀಡಾಂಗಣದ ಛಾವಣಿಗೆ 12 ಕ್ಯಾಮೆರಾ ಹಾಕಿದ್ದರು. ಅವು ಪ್ರತಿ ಆಟಗಾರನ ಮೈಯ 29 ಬಿಂದುಗಳನ್ನು ಸೆಕೆಂಡಿಗೆ 50 ಬಾರಿ ಗುರುತಿಸುತ್ತಿದ್ದವು. ಚೆಂಡಿನ ಒಳಗೊಂದು ಸಂವೇದಕವಿದ್ದು, ಸೆಕೆಂಡಿಗೆ 500 ಬಾರಿ ಸುದ್ದಿ ಕಳಿಸುತ್ತಿತ್ತು. ಒದೆತದ ಕ್ಷಣ ಹೀಗೆ ಬಹಳ ನಿಖರವಾಗಿ ಸಿಕ್ಕಿತು. ಸೌದಿ ಅರೇಬಿಯದ ವಿರುದ್ಧ ಅರ್ಜೆಂಟೀನಾ ಮೊದಲ ಅರ್ಧದಲ್ಲೇ ಮೂರು ಬಾರಿ ಚೆಂಡನ್ನು ಗೋಲಿಗೆ ಸೇರಿಸಿಯೂ ಆಫ್‌ಸೈಡಿನಿಂದಾಗಿ ಅವನ್ನು ಕಳೆದುಕೊಂಡಿತು, ಕೊನೆಗೆ 2-1ರಿಂದ ಸೋತಿತು. ಸೌದಿಯ ರಕ್ಷಕರು ಆ ದಿನ ಗೆರೆಯನ್ನು ಧೈರ್ಯವಾಗಿ ಬಹಳ ಮುಂದೆ ತಂದು ನಿಂತಿದ್ದರು. ಹಳೆಯ ಮೆಕ್‌ಕ್ರ್ಯಾಕೆನ್ ಉಪಾಯವೇ, ಕಾವಲಿಗೆ ಮಾತ್ರ ಯಂತ್ರ. ಆದರೂ ಗಮನಿಸಿ: ಮೈಯ ಬಿಂದುಗಳು ಸಿಗುವುದು ಸೆಕೆಂಡಿಗೆ 50 ಬಾರಿ. ಎರಡರ ನಡುವೆ ಓಟಗಾರ 16 ಸೆಂಟಿಮೀಟರ್ ಚಲಿಸುತ್ತಾನೆ. ಆ ತೆರಪನ್ನು ಗಣಿತ ತುಂಬುತ್ತದೆ. ಯಂತ್ರವೂ ಅಷ್ಟರ ಮಟ್ಟಿಗೆ ಅಂದಾಜು ಮಾಡುತ್ತದೆ, ಒಳ್ಳೆಯ ಅಂದಾಜು ಎಂಬುದು ಬೇರೆ ಮಾತು.

ನಮ್ಮ ರಾಜ್ಯದ ತಂಡವೂ ವೀಡಿಯೊ ತೀರ್ಪಿನ ಕಣ್ಣಡಿಯಲ್ಲಿ ಆಡಿದೆ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ 54 ವರ್ಷಗಳ ನಂತರ ಬಂದ ಗೆಲುವು ಅದು. ಕೊನೆಯ ಹಂತದ ಆ ಪಂದ್ಯಗಳಲ್ಲಿ ವೀಡಿಯೊ ಸಹಾಯಕ ರೆಫ್ರಿಯ ವ್ಯವಸ್ಥೆ ಇತ್ತು. ನಮ್ಮ ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿ ಇರುವುದು ಇಂದಿಗೂ ಒಂದು ಕೋಲು, ಒಂದು ಬಟ್ಟೆ, ಎರಡು ಕಣ್ಣು.

ಕೆಲವು ವರ್ಷಗಳ ಹಿಂದೆ ಬಾಳೆ ತೋಟಗಳ ಮೇಲೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆ ಕಮಲಾಪುರಕ್ಕೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ಆ ಹುಡುಗನ ಬಗ್ಗೆ ವಿಚಾರಿಸಿದೆ. ದುಡಿಯಲು ಪುಣೆಗೆ ಹೋದವನು ಅಲ್ಲಿಯೇ ನೆಲೆಸಿದ್ದಾನೆ ಎಂದರು. ತ್ರಿಭುಜದ ಚಿತ್ರ ಬರೆದ ಹಾಳೆ ನನ್ನ ಜೇಬಿನಲ್ಲಿತ್ತು.

ನೀವು ಈ ಪ್ರಯೋಗವನ್ನು ಶಾಲೆಯ ಮೈದಾನದಲ್ಲಿ ಹತ್ತು ನಿಮಿಷದಲ್ಲಿ ಮಾಡಬಹುದು. ಮೂವರು ಸಾಕು. ಪಕ್ಕದ ಗೆರೆಗೆ ಲಂಬವಾಗಿ ಒಂದು ದಾರ ಎಳೆಯಿರಿ. ಅದರ ಮೇಲೆ 20 ಹೆಜ್ಜೆ ಒಳಗೆ ಒಬ್ಬ, 10 ಹೆಜ್ಜೆ ಒಳಗೆ ಇನ್ನೊಬ್ಬ ನಿಲ್ಲಲಿ. ಮೂರನೆಯವರು ಪಕ್ಕದ ಗೆರೆಯ ಮೇಲೆ ಮೊದಲು ದಾರದ ನೇರಕ್ಕೆ ನಿಂತು ನೋಡಲಿ, ಆಮೇಲೆ 5 ಹೆಜ್ಜೆ ಹಿಂದೆ, ಆಮೇಲೆ 5 ಹೆಜ್ಜೆ ಮುಂದೆ ಸರಿದು ನೋಡಲಿ. ಪ್ರತಿ ಸಲವೂ, ಯಾರು ಮುಂದೆ ಕಾಣುತ್ತಾರೆ ಎಂದು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ನಂತರ ಒಳಗಿರುವ ಇಬ್ಬರೂ ಜಾಗ ಅದಲುಬದಲು ಮಾಡಿಕೊಳ್ಳದೆ, ನೋಡುವವರು ಮೈದಾನದ ಆಚೆ ಬದಿಗೆ ಹೋಗಿ ಅಲ್ಲಿಂದ ಮತ್ತೆ ಮೂರು ಸಲ ನೋಡಿ ಬರೆಯಲಿ.